ಮರಳುನಾಡಿನ ನೀರಿನ ಊರುಗಳು

ಜೋರ್ಡಾನಿಗೆ ಹೋಗಿಬಂದವರ ಫೋನಿನಲ್ಲಿ ಒಂದು ಚಿತ್ರ ಇದ್ದೇ ಇರುತ್ತದೆ. ಎರಡು ಬಂಡೆಗಳ ಸಂದಿಯಿಂದ ಇಣುಕುವ ಗುಲಾಬಿ ಬಣ್ಣದ ಕಂಬಗಳು, ಅವುಗಳ ಮುಂದೆ ಮಂಡಿಯೂರಿ ಕೂತ ಒಂದು ಒಂಟೆ. ಅದು ಬಂಡೆಯಲ್ಲಿ ಕಡೆದ ಪ್ರಾಚೀನ ನಗರ ಪೆಟ್ರಾದ ಖಜ್ನಾ. 1989ರ ಇಂಡಿಯಾನಾ ಜೋನ್ಸ್ ಸಿನಿಮಾ, 2007ರಲ್ಲಿ ಜನರ ಮತ ಕೇಳಿ ಆರಿಸಿದ ‘ಹೊಸ ಏಳು ಅದ್ಭುತ’ಗಳ ಪಟ್ಟಿ, ಎರಡೂ ಸೇರಿ ಆ ಒಂದು ಮುಖವನ್ನೇ ಇಡೀ ದೇಶದ ವಿಳಾಸ ಮಾಡಿಬಿಟ್ಟಿವೆ. ಅಮ್ಮಾನಿನಲ್ಲಿ ಬೆಳಗಾಗುವಾಗ ಬಸ್ಸು ಹತ್ತಿ, ಮೂರು ಗಂಟೆ ಕೂತು, ಬಿಸಿಲೇರುವುದರೊಳಗೆ ಆ ಚಿತ್ರ ತೆಗೆದುಕೊಂಡು, ಸಂಜೆಗೆ ಮೃತಸಮುದ್ರದಲ್ಲಿ ತೇಲಲು ಓಡುವವರೇ ಹೆಚ್ಚು. ನೋಡಿದ್ದು ಸುಳ್ಳಲ್ಲ. ಆದರೆ ನಗರವನ್ನು ಬಿಟ್ಟು ಅದರ ಮುಖವನ್ನಷ್ಟೇ ನೋಡಿದಂತಾಯಿತು.

ಮರುಭೂಮಿಯ ಹಾಳೂರುಗಳ ಬಗ್ಗೆ ನಮಗೊಂದು ಸಿದ್ಧಕಲ್ಪನೆ ಇದೆ: ಒಣಹವೆ, ಮಳೆಯಿಲ್ಲ, ಆದ್ದರಿಂದ ಕಲ್ಲು ಸಾವಿರಾರು ವರ್ಷ ಹಾಗೇ ಉಳಿದಿದೆ ಎಂಬುದು. ಜೋರ್ಡಾನ್ ಆ ಕಲ್ಪನೆಗೆ ಒಗ್ಗುವುದಿಲ್ಲ. ಜಗತ್ತಿನಲ್ಲಿ ನೀರಿನ ಬರ ಅತಿ ಹೆಚ್ಚಿರುವ ದೇಶಗಳಲ್ಲಿ ಅದೂ ಒಂದು. ತಲೆಗೆ ವರ್ಷಕ್ಕೆ ಸಿಗುವ ನೀರು 100 ಘನಮೀಟರಿಗಿಂತ ಕಡಿಮೆ. ಅಂಥಲ್ಲಿ ಊರು ಕಟ್ಟಿದವರ ಮೊದಲ ಚಿಂತೆ ನೀರೇ ಆಗಿತ್ತು. ಆ ಊರುಗಳು ಹಾಳಾದದ್ದರಲ್ಲಿ ನೀರಿನ ಪಾಲಿದೆ, ಇವತ್ತು ಅವನ್ನು ಕಾಯುವವರ ತಲೆನೋವೂ ನೀರೇ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಅಲ್ಲಿಯ ಅವಶೇಷಗಳ ನಡುವೆ ಓಡಾಡಿದರೆ ಯಾವುದನ್ನು ಎಷ್ಟು ಹೊತ್ತು ನೋಡಬೇಕೆಂಬ ಲೆಕ್ಕವೇ ಬದಲಾಗುತ್ತದೆ.

ಪೆಟ್ರಾಕ್ಕೆ ಹೋಗುವ ದಾರಿ ಸಿಕ್ ಎಂಬ ಸುಮಾರು 1.2 ಕಿಲೋಮೀಟರ್ ಉದ್ದದ ಬಿರುಕು. ಕೆಲವು ಕಡೆ ಮೂರು ಮೀಟರ್‌ನಷ್ಟೇ ಅಗಲ, ತಲೆಯೆತ್ತಿದರೆ ಆಕಾಶ ಒಂದು ಪಟ್ಟಿ. ಎಲ್ಲರೂ ಮೇಲೆ ನೋಡುತ್ತ ನಡೆಯುತ್ತಾರೆ. ಸೊಂಟದೆತ್ತರದಲ್ಲಿ ಗೋಡೆಯನ್ನು ನೋಡುತ್ತ ನಡೆದರೆ ಬೇರೆಯದೇ ಕಾಣುತ್ತದೆ. ಒಂದು ಪಕ್ಕದಲ್ಲಿ ಬಂಡೆಯಲ್ಲೇ ಕೊರೆದ ತೆರೆದ ಕಾಲುವೆ. ಇನ್ನೊಂದು ಪಕ್ಕದಲ್ಲಿ ಒಂದರ ಬಾಯಿಗೆ ಇನ್ನೊಂದನ್ನು ಸೇರಿಸಿ, ಗಾರೆ ಮೆತ್ತಿ ಕೂರಿಸಿದ ಸುಟ್ಟಮಣ್ಣಿನ ಕೊಳವೆಗಳ ಸಾಲು. ಐನ್ ಮೂಸಾ ಎಂಬ ಚಿಲುಮೆಯ ಸಿಹಿನೀರು ಈ ದಾರಿಯಲ್ಲಿ ನಗರಕ್ಕೆ ಹರಿಯುತ್ತಿತ್ತು. ಇಳಿಜಾರು ಹೆಚ್ಚಾದರೆ ಕೊಳವೆ ಒಡೆಯುತ್ತದೆ, ಕಡಿಮೆಯಾದರೆ ಹೂಳು ಕೂರುತ್ತದೆ. ಎರಡರ ನಡುವಿನ ಹದ ಹಿಡಿದು, ನಡುನಡುವೆ ಮಣ್ಣು ತಂಗಲು ಚಿಕ್ಕ ತೊಟ್ಟಿಗಳನ್ನೂ ಬಿಟ್ಟಿದ್ದಾರೆ. 1990ರ ದಶಕದ ಕೊನೆಯಲ್ಲಿ ಸಿಕ್ಕಿನ ನೆಲದ ಹೂಳು ತೆಗೆದಾಗ ಹಳೆಯ ಚಪ್ಪಡಿಹಾಸು ಹೊರಬಂತು, ಗೋಡೆಯ ಮೇಲೆ ಒಂಟೆ ಸಾಲಿನ ಕೆತ್ತನೆಯ ಕೆಳಭಾಗವೂ ಬಂತು. ನಿಜಗಾತ್ರಕ್ಕಿಂತ ದೊಡ್ಡ ಕೆತ್ತನೆ ಅದು. ಮೇಲಿನ ಅರ್ಧವನ್ನು ಗಾಳಿ ಮಳೆ ತಿಂದುಹಾಕಿವೆ. ಮಣ್ಣಿನಡಿ ಹೂತಿದ್ದ ಒಂಟೆಯ ಕಾಲು, ಒಂಟೆ ನಡೆಸುವವನ ಪಾದ, ಅಂಗಿಯ ಅಂಚು ಮಾತ್ರ ಸ್ಪಷ್ಟವಾಗಿ ಉಳಿದಿವೆ. ಒಂಟೆಗಳ ಬೆನ್ನ ಹಿಂದೆಯೇ ಕಾಲುವೆ ಹಾದುಹೋಗುತ್ತದೆ. ಶಿಲ್ಪಿ ಚಿತ್ರಕ್ಕಾಗಿ ಕಾಲುವೆಯನ್ನು ತಿರುಗಿಸಲಿಲ್ಲ, ಕಾಲುವೆಗಾಗಿ ಚಿತ್ರವನ್ನೂ ಬಿಡಲಿಲ್ಲ.

ಇದನ್ನು ಕಟ್ಟಿದ ನಬಾತಿಯರು ಮೊದಲು ಅಲೆಮಾರಿ ಅರಬರು. ಗ್ರೀಕ್ ಇತಿಹಾಸಕಾರ ಡಿಯೊಡೊರಸ್ ಬರೆದಿಟ್ಟಿರುವ ವಿವರ ಸ್ವಾರಸ್ಯವಾಗಿದೆ. ಆ ಜನ ಬೆಳೆ ಬೆಳೆಯುವುದಿಲ್ಲ, ಮನೆ ಕಟ್ಟುವುದಿಲ್ಲ. ನೆಲದಡಿ ಬಾಯಿ ಚಿಕ್ಕದಾದ, ಒಳಗೆ ಹೋದಂತೆ ಅಗಲವಾಗುವ ತೊಟ್ಟಿ ತೋಡಿ, ಮಳೆನೀರು ತುಂಬಿಸಿ, ಬಾಯಿ ಮುಚ್ಚಿ, ತಮಗಷ್ಟೇ ಗೊತ್ತಾಗುವ ಗುರುತು ಇಟ್ಟು ಹೋಗುತ್ತಾರೆ. ಶತ್ರು ಬೆನ್ನಟ್ಟಿ ಬಂದರೆ ಬಾಯಾರಿ ಹಿಂದಿರುಗಬೇಕು. ಕೆಲವು ತಲೆಮಾರುಗಳು ಕಳೆಯುವ ಹೊತ್ತಿಗೆ ಅದೇ ಜನ ಪೆಟ್ರಾದ ನಡುವೆ ಸುಮಾರು 43 ಮೀಟರ್ ಉದ್ದ, 23 ಮೀಟರ್ ಅಗಲದ ಕೊಳ ಕಟ್ಟಿ, ಅದರ ಮಧ್ಯೆ ಮಂಟಪ ನಿಲ್ಲಿಸಿ, ಪಕ್ಕದಲ್ಲಿ ತೋಟ ಮಾಡಿದರು. ಆ ಜಾಗವನ್ನು ಬಹುಕಾಲ ‘ಕೆಳಗಿನ ಮಾರುಕಟ್ಟೆ’ ಎಂದೇ ನಕ್ಷೆಗಳಲ್ಲಿ ಗುರುತಿಸುತ್ತಿದ್ದರು. 1998ರಲ್ಲಿ ಅಗೆದಾಗ ಅದು ಕೊಳವೆಂದು ಗೊತ್ತಾಯಿತು. ಒಂದು ಕಾಲಕ್ಕೆ ನೀರನ್ನು ಬಚ್ಚಿಟ್ಟು ಬದುಕಿದವರು ಮುಂದೆ ಅದನ್ನೇ ನೆಂಟರಿಗೆ ತೋರಿಸಿ ಮೆರೆದರು. ಪೆಟ್ರಾದ ಐಶ್ವರ್ಯವನ್ನು ಖಜ್ನಾಕ್ಕಿಂತ ಚೆನ್ನಾಗಿ ಹೇಳುವುದು ಈ ಕೊಳವೇ ಎಂದು ನನಗೆ ಅನ್ನಿಸುತ್ತದೆ. ಇವತ್ತು ಅಲ್ಲಿರುವುದು ಮಣ್ಣುದಿಬ್ಬ, ಒಂದೆರಡು ಗೋಡೆ. ನಿಂತು ನೋಡುವವರು ತೀರಾ ಕಡಿಮೆ.

ಕೊಳದ ಮಗ್ಗುಲಲ್ಲೇ ‘ಮಹಾದೇವಾಲಯ’ ಎಂಬ ಕಟ್ಟಡವಿದೆ. ಅದು ದೇವಾಲಯವೋ ಅರಸನ ಸಭಾಭವನವೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ತಂಡ 1993ರಿಂದ ಅಲ್ಲಿ ಅಗೆದಾಗ ಸಿಕ್ಕ ಕಂಬಗಳ ಬೋದಿಗೆಗಳಲ್ಲಿ, ಗ್ರೀಕ್ ಶೈಲಿಯಲ್ಲಾದರೆ ಸುರುಳಿ ಇರಬೇಕಾದ ಮೂಲೆಗಳಲ್ಲಿ, ಆನೆಯ ತಲೆಗಳಿವೆ. ಅವು ಏಷ್ಯಾದ ಆನೆಗಳೆಂದು ಅಗೆದವರೇ ಗುರುತಿಸಿದ್ದಾರೆ. ದೇವಸ್ಥಾನದ ಮೆಟ್ಟಿಲ ಪಕ್ಕ ಆನೆ ನೋಡಿ ಬೆಳೆದ ನಮ್ಮವರಿಗೆ ಮರುಭೂಮಿಯ ಕಂಬದ ಮೇಲೆ ಅದನ್ನು ಕಂಡಾಗ ಆಗುವ ಖುಷಿಯೇ ಬೇರೆ. ಕಾರಣ ವ್ಯಾಪಾರ. ಕ್ರಿಸ್ತಶಕ ಮೊದಲ ಶತಮಾನದ ‘ಪೆರಿಪ್ಲಸ್’ ಎಂಬ ಗ್ರೀಕ್ ನಾವಿಕರ ಕೈಪಿಡಿಯಲ್ಲಿ ನಮ್ಮ ಪಶ್ಚಿಮ ಕರಾವಳಿಯ ಬಂದರುಗಳೂ ಇವೆ, ಕೆಂಪು ಸಮುದ್ರದ ದಡದಿಂದ ಪೆಟ್ರಾದ ಅರಸ ಮಲಿಕಸ್‌ನಲ್ಲಿಗೆ ಹೋಗುವ ದಾರಿಯೂ ಇದೆ. ದಕ್ಷಿಣ ಅರೇಬಿಯಾದ ಧೂಪ, ಪೂರ್ವದಿಂದ ಬಂದ ಸಂಬಾರ ಪದಾರ್ಥ, ಎಲ್ಲಕ್ಕೂ ಇಲ್ಲಿ ಸುಂಕ. ಆ ಒಂಟೆಗಳಿಗೂ ವ್ಯಾಪಾರಿಗಳಿಗೂ ನೀರು ಬೇಕಿತ್ತು, ನೀರು ಇದ್ದದ್ದು ನಬಾತಿಯರ ಕೈಯಲ್ಲಿ.

ಮುಂದಿನದನ್ನು ಚುಟುಕಾಗಿ ಹೇಳಬಹುದು. 106ರಲ್ಲಿ ರೋಮ್ ಚಕ್ರವರ್ತಿ ಟ್ರಾಜನ್ ನಬಾತಿಯರ ರಾಜ್ಯವನ್ನು ತನ್ನ ಸಾಮ್ರಾಜ್ಯಕ್ಕೆ ಸೇರಿಸಿಕೊಂಡ. ವ್ಯಾಪಾರ ಬೇರೆ ದಾರಿ ಹಿಡಿಯಿತು. 363ರ ಭೂಕಂಪ ಅರ್ಧ ಊರನ್ನು ಕೆಡವಿತು, ನೀರಿನ ಜಾಲವೂ ಕೆಟ್ಟಿತು. ಹಾಗೆಂದು ಊರು ಅಂದೇ ಸಾಯಲಿಲ್ಲ. 1993ರಲ್ಲಿ ಅಲ್ಲಿಯ ಬೈಜಾಂಟೈನ್ ಚರ್ಚೊಂದರಲ್ಲಿ ಬೆಂಕಿಗೆ ಕರಕಲಾದ ಸುಮಾರು 140 ಪಪೈರಸ್ ಸುರುಳಿಗಳು ಸಿಕ್ಕವು. ಆರನೆಯ ಶತಮಾನದವು. ಗ್ರೀಕ್ ಭಾಷೆಯಲ್ಲಿ ತೆರಿಗೆ, ಆಸ್ತಿಪಾಲು, ಜಮೀನು ತಕರಾರು: ಯಾವ ತಾಲ್ಲೂಕು ಕಚೇರಿಯ ಕಡತವನ್ನು ಬಿಚ್ಚಿದರೂ ಸಿಗುವ ಸಂಗತಿಗಳೇ. ಯುರೋಪಿಗೆ ಪೆಟ್ರಾ ‘ಪತ್ತೆ’ಯಾದದ್ದು 1812ರಲ್ಲಿ, ಸ್ವಿಟ್ಜರ್ಲೆಂಡಿನ ಬುರ್ಕ್‌ಹಾರ್ಟ್ ಶೇಖ್ ಇಬ್ರಾಹಿಂ ಎಂದು ವೇಷ ಹಾಕಿ, ಪ್ರವಾದಿ ಹಾರೂನರ ಸಮಾಧಿಗೆ ಮೇಕೆ ಬಲಿ ಕೊಡುವ ಹರಕೆಯಿದೆ ಎಂದು ಹೇಳಿ ಒಳಹೊಕ್ಕಾಗ. ಅಲ್ಲಿಯ ಬೆಡೂಯಿನರಿಗೆ ಅದು ಕಳೆದೇ ಇರಲಿಲ್ಲ.

ಇನ್ನು ನೀರಿನ ಇನ್ನೊಂದು ಮುಖ. ಸುತ್ತಲ ಬೋಳುಗುಡ್ಡಗಳ ಮೇಲೆ ಅರ್ಧ ಗಂಟೆ ಜೋರು ಮಳೆ ಬಿದ್ದರೆ ಸಾಕು, ಅಷ್ಟೂ ನೀರು ಕಣಿವೆಗೆ ನುಗ್ಗುತ್ತದೆ. ಇದು ನಬಾತಿಯರಿಗೆ ಗೊತ್ತಿತ್ತು. ಸಿಕ್ಕಿನ ಬಾಯಿಗೇ ಒಡ್ಡು ಹಾಕಿ, ಪಕ್ಕದ ಗುಡ್ಡದಲ್ಲಿ ಸುಮಾರು 88 ಮೀಟರ್ ಸುರಂಗ ಕೊರೆದು, ಪ್ರವಾಹವನ್ನು ಬೇರೆ ಕಣಿವೆಗೆ ತಿರುಗಿಸಿದ್ದರು. ಒಡ್ಡು ಹಾಳಾದ ಮೇಲೆ ಅದರ ನೆನಪೂ ಹೋಯಿತು. 1963ರ ಏಪ್ರಿಲ್‌ನಲ್ಲಿ ಸಿಕ್ಕಿನೊಳಗೆ ನಡೆಯುತ್ತಿದ್ದ ಫ್ರೆಂಚ್ ಪ್ರವಾಸಿಗರ ಗುಂಪಿನ ಮೇಲೆ ನೀರು ಬಂತು, ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಸರ್ಕಾರ ಹಳೆಯ ಒಡ್ಡಿನ ಜಾಗದಲ್ಲೇ ಹೊಸ ಒಡ್ಡು ಕಟ್ಟಿತು, ನೀರು ಬಿಟ್ಟದ್ದು ಅದೇ ಹಳೆಯ ಸುರಂಗಕ್ಕೆ. ಎರಡು ಸಾವಿರ ವರ್ಷದ ಹಿಂದಿನ ಕಾಮಗಾರಿ ಇವತ್ತಿಗೂ ಕೆಲಸಕ್ಕೆ ಬರುತ್ತಿದೆ. ಆದರೂ 2018ರ ನವೆಂಬರಿನಲ್ಲಿ ಪ್ರವಾಹ ಖಜ್ನಾದ ಅಂಗಳಕ್ಕೇ ನುಗ್ಗಿತು, ಸಾವಿರಾರು ಪ್ರವಾಸಿಗರನ್ನು ತುರ್ತಾಗಿ ಹೊರಸಾಗಿಸಬೇಕಾಯಿತು. ಮೇಲ್ಗಡೆಯ ವಾದಿ ಮೂಸಾ ಪಟ್ಟಣ ಹೋಟೆಲು, ರಸ್ತೆ, ಕಾಂಕ್ರೀಟಿನಿಂದ ಬೆಳೆದಷ್ಟೂ ಇಂಗುವ ನೀರು ಕಡಿಮೆ, ಹರಿಯುವ ನೀರು ಜಾಸ್ತಿ. ಪೆಟ್ರಾ ನೋಡಲು ಬಂದವರು ತಂಗುವುದು ಆ ಹೋಟೆಲುಗಳಲ್ಲೇ.

ದಿಢೀರ್ ಪ್ರವಾಹಕ್ಕಿಂತ ನಿಧಾನ, ಆದರೆ ಎಡೆಬಿಡದೆ ನಡೆಯುವ ಹಾನಿ ಉಪ್ಪಿನದು. ಮರಳುಗಲ್ಲಿನ ರಂಧ್ರಗಳಲ್ಲಿ ತೇವ ಏರುತ್ತದೆ, ಬಿಸಿಲಿಗೆ ಆರುತ್ತದೆ, ಕರಗಿದ್ದ ಉಪ್ಪು ಹರಳುಗಟ್ಟಿ ಹಿಗ್ಗಿ ಕಲ್ಲಿನ ಮೈಯನ್ನು ಪುಡಿಮಾಡುತ್ತದೆ. ಕೋಣೆಯೊಳಗೆ ನೂರಾರು ಜನ ನಿಂತು ಬಿಡುವ ಉಸಿರಿನಲ್ಲೂ ತೇವವಿದೆ, ಗೋಡೆಗೆ ಒರಗಿದ ಬೆವರಿನ ಬೆನ್ನಿನಲ್ಲೂ ಇದೆ. ಖಜ್ನಾದ ಒಳಗೆ ಈಗ ಯಾರನ್ನೂ ಬಿಡುವುದಿಲ್ಲ. ಇದಕ್ಕೆ ಸಿಡಿಮಿಡಿಗೊಳ್ಳುವವರಿದ್ದಾರೆ; ನನಗಂತೂ ಅದು ಸರಿಯೆನಿಸುತ್ತದೆ. ಒಳಗಿರುವುದು ಬರಿಯ ಖಾಲಿ ಕೋಣೆಗಳು. ಸಿಕ್ಕಿನಲ್ಲಿ ಓಡುತ್ತಿದ್ದ ಕುದುರೆಗಾಡಿಗಳ ಬದಲಿಗೆ 2021ರಲ್ಲಿ ವಿದ್ಯುತ್ ಗಾಡಿ ಬಂದದ್ದೂ ಒಳ್ಳೆಯದೇ, ಕುದುರೆಗಳ ಪಾಡು ನೋಡಲಾಗುತ್ತಿರಲಿಲ್ಲ. ಗುಡ್ಡದ ಮೇಲಿನ ‘ದೇರ್’ ಎಂಬ ಬಂಡೆ ಕೊರೆದ ಕಟ್ಟಡಕ್ಕೆ ಎಂಟುನೂರು ಮೆಟ್ಟಿಲು ಹತ್ತುವ ಕತ್ತೆಗಳ ವಿಚಾರ ಹಾಗೇ ಉಳಿದಿದೆ. ಕಾಲು ಗಟ್ಟಿಯಿರುವವರು ನಡೆದೇ ಹತ್ತಬೇಕು.

ಕಲ್ಲಿನಷ್ಟೇ ಕಷ್ಟದ ಪ್ರಶ್ನೆ ಅಲ್ಲಿಯ ಜನರದು. ಪೆಟ್ರಾದ ಗುಹೆಗಳಲ್ಲಿ ಬೆದೂಲ್ ಎಂಬ ಬೆಡೂಯಿನ್ ಬಣ ತಲೆತಲಾಂತರದಿಂದ ವಾಸವಿತ್ತು. 1985ರಲ್ಲಿ ಯುನೆಸ್ಕೋ ಪೆಟ್ರಾವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದೇ ಸಮಯದಲ್ಲಿ ಬೆದೂಲರನ್ನು ಎಬ್ಬಿಸಿ, ಗುಡ್ಡದ ಮೇಲೆ ಉಮ್ ಸೈಹೂನ್ ಎಂಬ ಹೊಸ ಊರು ಕಟ್ಟಿ ಕೂರಿಸಲಾಯಿತು. ನಲ್ಲಿ, ಶಾಲೆ, ದೀಪ ಬಂದವು. ಸಂಸಾರಗಳು ಬೆಳೆದವು, ಊರಿಗೆ ಬೆಳೆಯಲು ಜಾಗ ಸಿಗಲಿಲ್ಲ. ಇದಾಗಿ ಇಪ್ಪತ್ತು ವರ್ಷಕ್ಕೆ, 2005ರಲ್ಲಿ, ಅದೇ ಯುನೆಸ್ಕೋ ಪೆಟ್ರಾ ಮತ್ತು ದಕ್ಷಿಣದ ಮರುಭೂಮಿ ಕಣಿವೆ ವಾದಿ ರಮ್‌ನ ಬೆಡೂಯಿನರ ಬದುಕಿನ ರೀತಿಯನ್ನು ಮಾನವಕುಲದ ಅಮೂರ್ತ ಪರಂಪರೆ ಎಂದು ಸಾರಿತು. ಗುಹೆಯಲ್ಲಿ ಬದುಕುವವರನ್ನು ಹೊರಗೆ ಕಳಿಸಿ, ಆಮೇಲೆ ಗುಹೆಯ ಬದುಕಿಗೆ ಬಿರುದು ಕೊಟ್ಟಂತಾಯಿತು. ಹಂಪಿಯ ವಿರೂಪಾಕ್ಷ ಬಜಾರಿನ ಮಂಟಪಗಳಲ್ಲಿ ಮನೆಮಾಡಿಕೊಂಡಿದ್ದವರನ್ನು 2011ರಲ್ಲಿ ತೆರವು ಮಾಡಿದ್ದನ್ನು ನೋಡಿದವರಿಗೆ ಈ ಕಥೆ ಹೊಸದಲ್ಲ. ಒತ್ತುವರಿ ಯಾವುದು, ಬದುಕು ಯಾವುದು ಎಂದು ಗೆರೆ ಎಳೆಯುವುದು ಕಷ್ಟವೇ. ಆದರೆ ಗೆರೆ ಎಳೆದದ್ದು ಯಾವಾಗಲೂ ಹೊರಗಿನಿಂದ ಬಂದವರೇ ಎಂಬುದನ್ನೂ ಹೇಳಬೇಕು. ಇವತ್ತು ಪೆಟ್ರಾದಲ್ಲಿ ಚಹಾ ಕೊಡುವವರು, ಕತ್ತೆ ಹೊಡೆಯುವವರು, ಮಣಿಸರ ಮಾರುವವರು ಹೆಚ್ಚಿನವರು ಬೆದೂಲರೇ. ಅವರನ್ನು ಪ್ರವಾಸಿಗರಿಗೆ ‘ಕಾಟ’ ಎಂದು ಬರೆಯುವ ಕೈಪಿಡಿಗಳು ಈ ಹಿನ್ನೆಲೆಗೂ ಎರಡು ಸಾಲು ಕೊಟ್ಟರೆ ಒಳ್ಳೆಯದು.

ಪೆಟ್ರಾ ಬಿಟ್ಟು ಅಮ್ಮಾನಿನ ಪೂರ್ವಕ್ಕೆ, ನಿಜವಾದ ಮರುಭೂಮಿಗೆ ಬಂದರೆ ಉಮಯ್ಯದ್ ರಾಜವಂಶದ ‘ಮರಳುಗಾಡಿನ ಕೋಟೆ’ಗಳು. ಹೆಸರಿಗೆ ಕೋಟೆ, ಹಲವು ಕೋಟೆಗಳೇ ಅಲ್ಲ. ಎಂಟನೆಯ ಶತಮಾನದ ಖುಸೈರ್ ಅಮ್ರಾ ಒಂದು ಸ್ನಾನಗೃಹ. ಹನಿ ನೀರಿಗೂ ಲೆಕ್ಕವಿರುವ ಕಡೆ ಬಿಸಿನೀರಿನ ಮಜ್ಜನದ ಮನೆ! ಹೊರಗೆ ಆಳದ ಬಾವಿ, ಅದರ ಪಕ್ಕ ನೀರೆತ್ತುವ ಪ್ರಾಣಿ ಸುತ್ತು ತಿರುಗುತ್ತಿದ್ದ ದುಂಡನೆಯ ಕಟ್ಟೆ. ಒಳಗೆ ಗೋಡೆ ಛಾವಣಿ ಎಲ್ಲ ಚಿತ್ರ: ಮೀಯುವ ಹೆಂಗಸರು, ಕಾಡುಕತ್ತೆಗಳನ್ನು ಬಲೆಗೆ ಅಟ್ಟುವ ಬೇಟೆ, ಕಲ್ಲು ಕಡಿಯುವ, ಬಡಗಿಕೆಲಸ ಮಾಡುವ ಕೂಲಿಗಳು, ವಾದ್ಯ ನುಡಿಸುವ ಕರಡಿ, ಸಾಲಾಗಿ ನಿಂತ ಆರು ಅರಸರು. ಅರಸರಲ್ಲಿ ಬೈಜಾಂಟಿಯಮ್, ಪರ್ಷಿಯಾ, ಇಥಿಯೋಪಿಯಾ, ಸ್ಪೇನಿನವರನ್ನು ಬರಹದಿಂದ ಗುರುತಿಸಬಹುದು. ಉಳಿದಿಬ್ಬರ ಬಗ್ಗೆ ವಾದವಿದೆ, ಅವರಲ್ಲೊಬ್ಬ ಭಾರತದ ದೊರೆ ಇರಬಹುದೆಂದವರೂ ಇದ್ದಾರೆ. ಬಿಸಿಕೋಣೆಯ ಗುಮ್ಮಟದಲ್ಲಿ ನಕ್ಷತ್ರಪುಂಜಗಳು. ಗುಮ್ಮಟದ ಮೇಲೆ ಬರೆದ ಆಕಾಶದ ಚಿತ್ರಗಳಲ್ಲಿ ಉಳಿದಿರುವ ಅತಿ ಹಳೆಯದು ಇದು. ಆದರೆ ಪುಂಜಗಳು ಅದಲುಬದಲು. ಕಲಾವಿದ ಆಕಾಶ ನೋಡಿ ಬರೆಯದೆ ಖಗೋಳದ ಗೋಲವೊಂದನ್ನು ಹೊರಗಿನಿಂದ ನೋಡಿ ನಕಲು ಮಾಡಿದಂತಿದೆ.

ಈ ಚಿತ್ರಗಳು ಪಟ್ಟ ಪಾಡು ಪರಂಪರೆಯ ರಕ್ಷಣೆಯ ಒಂದು ಪಾಠಪುಸ್ತಕವೇ ಸರಿ. 1898ರಲ್ಲಿ ಅಲ್ಲಿಗೆ ಬಂದ ಅಲೋಯಿಸ್ ಮುಸಿಲ್ ಎಂಬ ವಿದ್ವಾಂಸ ಅವನ್ನು ಜಗತ್ತಿಗೆ ತೋರಿಸಿದ; ಒಂದು ತುಂಡನ್ನು ಗೋಡೆಯಿಂದ ಕಿತ್ತೂ ಒಯ್ದ, ಅದು ಬರ್ಲಿನ್‌ನಲ್ಲಿದೆ. 1970ರ ದಶಕದಲ್ಲಿ ಸ್ಪೇನಿನ ತಂಡ ಶುಚಿಮಾಡಿ ಕಾಪಾಡಿತು, ಕಳೆದ ಕಡೆ ಬಣ್ಣ ತುಂಬಿ ಮೆರುಗನ್ನೂ ಬಳಿಯಿತು. 2010ರ ನಂತರ ಬಂದ ಇಟಲಿಯ ತಜ್ಞರು ಆ ದುರಸ್ತಿಯನ್ನೇ ತೆಗೆಯುವ ಕೆಲಸ ಮಾಡಿದರು. ಹಾಗೆ ತೆಗೆಯುವಾಗ 2012ರಲ್ಲಿ ವಲೀದ್ ಎಂಬ ರಾಜಕುಮಾರನ ಹೆಸರಿನ ಬರಹ ಕಂಡಿತು. ಕಟ್ಟಿಸಿದವನು ಮುಂದೆ ಖಲೀಫನಾದ ಎರಡನೆಯ ವಲೀದ್ ಎಂಬುದು ಬಹುಮಟ್ಟಿಗೆ ಇತ್ಯರ್ಥವಾಯಿತು. ಇನ್ನೂ ದೊಡ್ಡ ನಷ್ಟ ಮ್ಷತ್ತಾ ಅರಮನೆಯದು. ಅದರ ಕೆತ್ತನೆಯ ಹೊರಗೋಡೆಯನ್ನು 1903ರಲ್ಲಿ ಆಟೊಮನ್ ಸುಲ್ತಾನ ಅಬ್ದುಲ್ ಹಮೀದ್ ಜರ್ಮನಿಯ ಕೈಸರನಿಗೆ ಕಾಣಿಕೆ ಕೊಟ್ಟ. ಅದೂ ಬರ್ಲಿನ್‌ಗೆ ಹೋಯಿತು. ಉಳಿದ ಅರಮನೆ ಅಮ್ಮಾನಿನ ವಿಮಾನ ನಿಲ್ದಾಣದ ಪಕ್ಕದಲ್ಲೇ ಇದೆ. ಲಕ್ಷಾಂತರ ಜನ ಅದರ ಮಗ್ಗುಲಲ್ಲೇ ಇಳಿದು, ತಿರುಗಿ ನೋಡದೆ ಪೆಟ್ರಾಕ್ಕೆ ಹೋಗುತ್ತಾರೆ.

ಅಮ್ರಾದಿಂದ ಮುಂದಿನ ಅಜ್ರಕ್‌ನಲ್ಲಿ ಕಪ್ಪುಕಲ್ಲಿನ ಕೋಟೆಯಿದೆ. 1917ರ ಚಳಿಗಾಲದಲ್ಲಿ ಬ್ರಿಟಿಷ್ ಸೇನಾಧಿಕಾರಿ ಟಿ. ಇ. ಲಾರೆನ್ಸ್ ಅಲ್ಲಿ ಬೀಡುಬಿಟ್ಟಿದ್ದ. ಮಾರ್ಗದರ್ಶಿಗಳು ಅವನ ಕೋಣೆಯನ್ನು ತೋರಿಸಿ ಸುಮ್ಮನಾಗುತ್ತಾರೆ. ಕೋಟೆ ಅಲ್ಲಿ ಯಾಕಿದೆ ಎಂಬುದಕ್ಕೆ ಉತ್ತರ ಹತ್ತಿರದ ಜೌಗುಭೂಮಿ. ಚಿಲುಮೆಗಳಿಂದ ತುಂಬಿ, ಲಕ್ಷಗಟ್ಟಲೆ ವಲಸೆ ಹಕ್ಕಿ ಇಳಿಯುತ್ತಿದ್ದ ಓಯಸಿಸ್ ಅದು. ಅಮ್ಮಾನಿಗೆ ಕುಡಿಯುವ ನೀರೆಂದು ಪಂಪು ಹಾಕಿ ಎತ್ತಿ ಎತ್ತಿ, 1990ರ ದಶಕದ ಮೊದಲಲ್ಲಿ ಚಿಲುಮೆಗಳು ಬತ್ತಿದವು. ಈಗ ನೀರು ಬಿಟ್ಟು ಹಳೆಯ ಜೌಗಿನ ಹತ್ತನೆಯ ಒಂದು ಪಾಲನ್ನಾದರೂ ಉಳಿಸುವ ಯತ್ನ ನಡೆದಿದೆ. ರೋಮನ್ನರಿಂದ ಹಿಡಿದು ಎಲ್ಲರೂ ಕಾವಲು ಕೂತ ನೀರನ್ನು ಒಂದೇ ತಲೆಮಾರು ಕುಡಿದು ಮುಗಿಸಿತು. ಅಮ್ಮಾನಿನ ಬಾಯಾರಿಕೆ ಈಗ ದಕ್ಷಿಣಕ್ಕೆ ತಿರುಗಿದೆ: ವಾದಿ ರಮ್‌ನ ಮಗ್ಗುಲಿನ ದಿಸಿ ಎಂಬಲ್ಲಿ, ನೆಲದಡಿ ಸಾವಿರಾರು ವರ್ಷಗಳಿಂದ ಕೂತಿರುವ, ಮತ್ತೆ ತುಂಬದ ನೀರನ್ನು 2013ರಿಂದ 300 ಕಿಲೋಮೀಟರಿಗೂ ಉದ್ದದ ಕೊಳವೆಯಲ್ಲಿ ತರುತ್ತಿದ್ದಾರೆ. ನಗರದ ಹೋಟೆಲಿನ ಷವರಿನಲ್ಲಿ ಬರುವುದು ಆ ನೀರೂ ಹೌದು.

ಈಶಾನ್ಯದ ಕಪ್ಪು ಮರುಭೂಮಿಗೆ ಹೋಗುವ ಪ್ರವಾಸಿಗರು ವಿರಳ. ಸಿರಿಯಾದ ಗಡಿಗೆ ಹತ್ತಿರ, ಅಮ್ಮಾನಿನಿಂದ ಒಂದೂವರೆ ಗಂಟೆಯ ದಾರಿಯಲ್ಲಿ ಉಮ್ ಅಲ್ ಜಿಮಾಲ್ ಇದೆ. ಮರ ಸಿಗದ ಊರಿನಲ್ಲಿ ತೊಲೆಯನ್ನೂ ಬಾಗಿಲನ್ನೂ ಬಸಾಲ್ಟ್ ಕಲ್ಲಿನಲ್ಲೇ ಮಾಡಿ ಎರಡು ಮೂರು ಅಂತಸ್ತು ಏರಿಸಿದ ಮನೆಗಳು. ಅರಮನೆಯಿಲ್ಲ, ರಂಗಮಂದಿರವಿಲ್ಲ, ಹಸುಕುರಿ ಕಟ್ಟಿದ ಕೊಟ್ಟಿಗೆ, ಅಂಗಳ, ಊರಿನ ತುಂಬ ಚರ್ಚುಗಳು. ಚಿಲುಮೆಯೂ ಇಲ್ಲ. ಚಳಿಗಾಲದ ಹಳ್ಳದ ನೀರನ್ನು ತಿರುಗಿಸಿ ಕೆರೆ ತೊಟ್ಟಿಗಳಿಗೆ ತುಂಬಿಸಿಕೊಂಡೇ ಶತಮಾನಗಳ ಕಾಲ ರೈತಾಪಿ ಜನ ಅಲ್ಲಿ ಬದುಕಿದರು. 2024ರ ಜುಲೈನಲ್ಲಿ ನವದೆಹಲಿಯಲ್ಲಿ ನಡೆದ ವಿಶ್ವ ಪರಂಪರೆ ಸಮಿತಿಯ ಸಭೆ ಇದನ್ನು ಪಟ್ಟಿಗೆ ಸೇರಿಸಿತು. ಇನ್ನೂ ಪೂರ್ವದ ಜಾವಾ ಎಂಬಲ್ಲಿ ಕ್ರಿಸ್ತಪೂರ್ವ ನಾಲ್ಕನೆಯ ಸಹಸ್ರಮಾನದ ಒಡ್ಡುಗಳಿವೆ; ಜಗತ್ತಿನಲ್ಲಿ ಗೊತ್ತಿರುವ ಅತಿ ಹಳೆಯ ಅಣೆಕಟ್ಟುಗಳ ಸಾಲಿನಲ್ಲಿ ಅವೂ ಸೇರುತ್ತವೆ. ಸುತ್ತಲಿನ ಕರಿಕಲ್ಲುಗಳ ಮೇಲೆ ಸಫಾಯಿಟಿಕ್ ಲಿಪಿಯ ಸಾವಿರಾರು ಗೀಚುಬರಹಗಳು. ಬರೆದವರು ಕುರಿ ಒಂಟೆ ಕಾಯುತ್ತಿದ್ದವರು. ಇಂಥವನು, ಇಂಥವನ ಮಗ, ಇಂಥವನ ಮೊಮ್ಮಗ. ಇಲ್ಲಿ ಮಂದೆ ಮೇಯಿಸಿದೆ, ಸತ್ತ ಗೆಳೆಯನಿಗಾಗಿ ಅತ್ತೆ, ಮಳೆಗೆ ಕಾದೆ. ಅರಸರ ಶಾಸನ ಓದಿ ಬೇಸತ್ತವರಿಗೆ ಇದಕ್ಕಿಂತ ಒಳ್ಳೆಯ ಓದು ಸಿಗಲಾರದು.

ಹೀಗೆ ಹಂಚಿಹೋಗಿರುವ ಸಂಪತ್ತಿನಲ್ಲಿ ದುಡ್ಡೂ ಜನವೂ ಒಂದೇ ಕಣಿವೆಗೆ ಹೋಗಿ ಸೇರುವುದು ಜೋರ್ಡಾನಿನ ದೊಡ್ಡ ತೊಡಕು. 2019ರಲ್ಲಿ ಪೆಟ್ರಾಕ್ಕೆ ಬಂದವರು ಹತ್ತು ಲಕ್ಷ ದಾಟಿದ್ದರು. ಕೊರೊನಾ ಬಂದಾಗ ಕಣಿವೆ ಬರಿದಾಯಿತು, ಮತ್ತೆ ಚೇತರಿಸಿತು, 2023ರ ಅಕ್ಟೋಬರಿನಲ್ಲಿ ಗಾಜಾ ಯುದ್ಧ ಶುರುವಾದ ಮೇಲೆ ವಿದೇಶಿಯರು ಮತ್ತೆ ಕಡಿಮೆಯಾದರು. ಜನ ತುಂಬಿದರೆ ಕಲ್ಲಿಗೆ ಕಷ್ಟ, ಬಾರದಿದ್ದರೆ ಉಮ್ ಸೈಹೂನಿನ ಒಲೆಗೆ ಕಷ್ಟ. ದಿನಕ್ಕೆ ಇಷ್ಟೇ ಜನ ಎಂದು ಮಿತಿ ಹಾಕಬೇಕೆಂಬ ಮಾತು ಆಗಾಗ ಬರುತ್ತದೆ. ನನ್ನ ಒಲವು ಬಂದವರನ್ನು ಹೆಚ್ಚು ದಿನ ನಿಲ್ಲಿಸಿ, ಹೆಚ್ಚು ಕಡೆಗೆ ಹರಡುವ ದಾರಿಯ ಕಡೆಗಿದೆ. ಟಿಕೆಟ್ಟಿನ ದರದಲ್ಲಿ ಆ ಬುದ್ಧಿ ಈಗಾಗಲೇ ಸ್ವಲ್ಪ ಇದೆ: ರಾತ್ರಿ ತಂಗುವ ವಿದೇಶಿಯರಿಗೆ ಪೆಟ್ರಾದ ಒಂದು ದಿನದ ಟಿಕೆಟ್ಟು 50 ದಿನಾರ್, ಎರಡು ದಿನದ್ದು 55, ಮೂರು ದಿನದ್ದು 60. ಗಡಿ ದಾಟಿ ಬಂದು ಅಂದೇ ಮರಳುವವರಿಗೆ 90. ದಿನಾರಿಗೆ ನಮ್ಮ ನೂರು ರೂಪಾಯಿಗೂ ಮೇಲಿರುವುದರಿಂದ ಮೊದಲ ದಿನ ಜೇಬಿಗೆ ಚುರುಕು ತಾಗುವುದು ನಿಜ, ಎರಡನೆಯ ದಿನ ಹೆಚ್ಚುಕಡಿಮೆ ಪುಕ್ಕಟೆ. ವೀಸಾ ಶುಲ್ಕವೂ ಸೇರಿರುವ ಜೋರ್ಡಾನ್ ಪಾಸಿನಲ್ಲಿ ಪೆಟ್ರಾದ ಜೊತೆಗೆ ಅಮ್ರಾ, ಅಜ್ರಕ್‌ನಂಥ ಹತ್ತಾರು ಜಾಗಗಳು ಬರುತ್ತವೆ. ಕೊಂಡವರಲ್ಲಿ ಬಹುಪಾಲು ಆ ಜಾಗಗಳ ಕಡೆ ತಲೆ ಹಾಕುವುದಿಲ್ಲ, ಅಷ್ಟೇ.

ನಮ್ಮವರು ಹೊರಡುವುದಿದ್ದರೆ ಮಾರ್ಚ್ ಏಪ್ರಿಲ್, ಇಲ್ಲವೇ ಅಕ್ಟೋಬರ್ ನವೆಂಬರ್ ಒಳ್ಳೆಯ ಕಾಲ. ಅವೇ ತಿಂಗಳುಗಳಲ್ಲಿ ದಿಢೀರ್ ಮಳೆಯೂ ಬರುತ್ತದೆ, ಆದ್ದರಿಂದ ಸಿಕ್ಕಿಗೆ ಇಳಿಯುವ ಮುನ್ನ ಹವಾಮಾನ ಕೇಳಿಕೊಳ್ಳಬೇಕು, ಸೈರನ್ ಕೂಗಿದರೆ ಫೋಟೋ ಬಿಟ್ಟು ಎತ್ತರದ ಜಾಗಕ್ಕೆ ಹತ್ತಬೇಕು. ಪೆಟ್ರಾದಲ್ಲಿ ಎರಡು ರಾತ್ರಿ ತಂಗಿ, ಮೊದಲ ದಿನ ಎಲ್ಲರಂತೆ ಖಜ್ನಾ ನೋಡಿ ಮುಗಿಸಿ, ಎರಡನೆಯ ದಿನ ಸಿಕ್ಕಿನ ಬಾಯಿಯ ಒಡ್ಡು, ಸುರಂಗದ ಮುಖ, ಗೋಡೆಯ ಕಾಲುವೆ, ಕೊಳದ ದಿಬ್ಬಕ್ಕೆ ಕೊಡಿ. ಸುರಂಗದ ದಾರಿಗೆ ಸ್ಥಳೀಯ ಮಾರ್ಗದರ್ಶಿಯಿಲ್ಲದೆ ಹೋಗಬಾರದು. ಅಮ್ಮಾನಿಗೆ ಮರಳಿದ ಮೇಲೆ ಇನ್ನೊಂದು ದಿನ ಉಳಿದಿದ್ದರೆ ಮೃತಸಮುದ್ರದ ರೆಸಾರ್ಟಿನ ಬದಲು ಉಮ್ ಅಲ್ ಜಿಮಾಲಿಗೆ ಕಾರು ಮಾಡಿಸಿ. ನೆರಳು ಕಡಿಮೆ; ಟೋಪಿ, ನೀರು, ತಿನ್ನಲು ಏನಾದರೂ ಜೊತೆಗಿರಲಿ.